ನಮ್ಮ ರಸ್ತೆಯ ಹಂಪು ಮತ್ತು ಆಕಾಶದಿಂದ ಬಂದವಳು

ಜಿಗಣಿಯ ಕೈಗಾರಿಕಾ ಪ್ರದೇಶದ ಕೊನೆಯ ಕಾಂಪೌಂಡ್ ಗೋಡೆ ಮುಗಿದು, ಒಂದು ನೀಲಗಿರಿ ತೋಪು ದಾಟಿದ ಮೇಲೆ ನಮ್ಮ ಬಡಾವಣೆ. ಆಗ ಬಡಾವಣೆ ಎಂದರೆ ನಾಲ್ಕು ಮನೆ, ಕಣ್ಣು ಹಾಯುವವರೆಗೆ ಹಳದಿ ಬಳಿದ ಸೈಟು ಕಲ್ಲುಗಳು, ಅವುಗಳ ನಡುವೆ ದಾರ ಹಿಡಿದು ಎಳೆದಂತೆ ನೆಟ್ಟಗೆ ಹೋದ ಒಂದು ಮಣ್ಣು ರಸ್ತೆ. ನಾಲ್ಕೂ ಮನೆಯವರು ಸರ್ಕಾರಿ ಕಾರ್ಖಾನೆಗಳಿಂದ ನಿವೃತ್ತರಾಗಿ ಬಂದವರು. ಶಿಫ್ಟಿನ ಸೈರನ್ ಇಲ್ಲದೆ ಹಗಲನ್ನು ಹೇಗೆ ಕಳೆಯುವುದೆಂದು ತಿಳಿಯದೆ, ಗೃಹಪ್ರವೇಶದ ತೋರಣ ಒಣಗುವ ಮೊದಲೇ ಒಂದು ಕ್ಷೇಮಾಭಿವೃದ್ಧಿ ಸಂಘ ಕಟ್ಟಿದೆವು. ನಾನು ಅದರ ಅಧ್ಯಕ್ಷ. ಚುನಾವಣೆಯ ದಿನ ನಾನು ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಬಾಯಿಗೆ ಹತ್ತಿ ತುರುಕಿಕೊಂಡು ವಾಪಸು ಬಂದಾಗ ಅವಿರೋಧವಾಗಿ ಆಯ್ಕೆಯಾಗಿದ್ದೇನೆಂದು ತಿಳಿಸಿದರು. ವಿರೋಧಿಸುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಕಾರ್ಯದರ್ಶಿಗಳು ಎದುರು ಮನೆಯವರು. ಕಾರ್ಖಾನೆಯಲ್ಲಿ ಅವರದು ಇನ್ಸ್‌ಪೆಕ್ಷನ್ ವಿಭಾಗ. ಜೀವಮಾನವಿಡೀ ಯಂತ್ರದ ಭಾಗಗಳನ್ನು ಅಳೆದು, ಕೆಲವಕ್ಕೆ ಪಾಸ್, ಕೆಲವಕ್ಕೆ ರಿಜೆಕ್ಟ್ ಎಂದು ತೀರ್ಪು ಕೊಟ್ಟವರು. ನಿವೃತ್ತಿಯ ನಂತರವೂ ಆ ಅಧಿಕಾರವನ್ನು ಯಾರೂ ಹಿಂದಕ್ಕೆ ಪಡೆದಂತೆ ಕಾಣಲಿಲ್ಲ. ತರಕಾರಿ ಗಾಡಿಯ ಬದನೆಕಾಯಿ, ನನ್ನ ಹೊಸ ಕನ್ನಡಕ, ಭಾನುವಾರದ ಉಪ್ಪಿಟ್ಟು ಎಲ್ಲವೂ ಅವರ ಕೈಯಲ್ಲಿ ಪಾಸಾಗಬೇಕಿತ್ತು. ನನ್ನನ್ನು ಅವರು ಸದಾ ‘ಅಧ್ಯಕ್ಷರೇ’ ಎಂದೇ ಕರೆಯುತ್ತಿದ್ದರು. ಆ ಕರೆಯಲ್ಲಿ ಗೌರವದ ಪಾಲು ಎಷ್ಟೆಂಬುದನ್ನು ನಾನು ಕೆದಕಲು ಹೋಗಲಿಲ್ಲ.

ಸಂಘದ ಬೇಡಿಕೆಗಳು ಮೂರು: ಕುಡಿಯುವ ನೀರು, ರಸ್ತೆಗೆ ಡಾಂಬರು, ಬೀದಿದೀಪದ ಕಂಬ. ಮನೆಗಳಿಗೆ ಹಿಂಬದಿಯ ಹಳ್ಳಿಯಿಂದ ಹೇಗೋ ಕರೆಂಟು ಬಂದಿತ್ತು. ರಸ್ತೆಯ ಉದ್ದಕ್ಕೆ ಮಾತ್ರ ಒಂದು ಕಂಬವೂ ಇರಲಿಲ್ಲ. ನಾವು ಕಚೇರಿಯಿಂದ ಕಚೇರಿಗೆ ತಿರುಗಿ, ಪ್ರತಿ ಕಚೇರಿಯಲ್ಲೂ ‘ನೋಡೋಣ’ ಎಂಬ ಮಾತನ್ನು ಪಡೆದು, ಮನೆಗೆ ಬಂದು ಕಾಫಿ ಕುಡಿಯುತ್ತಿದ್ದೆವು. ಈ ಮಧ್ಯೆ ಬಡಾವಣೆಗೆ ಬಂದದ್ದು ನೀರಲ್ಲ, ಡಾಂಬರಲ್ಲ, ಕಂಬವೂ ಅಲ್ಲ. ಎಲ್ ಬೋರ್ಡ್ ಕಾರುಗಳು.

ಹೊಸೂರು ರಸ್ತೆಯ ಲಾರಿಗಳ ನಡುವೆ ಡ್ರೈವಿಂಗ್ ಕಲಿಸಲು ಯಾವ ಡ್ರೈವಿಂಗ್ ಶಾಲೆಗೂ ಧೈರ್ಯವಿರಲಿಲ್ಲ. ಜನವಿಲ್ಲದ, ತಿರುವಿಲ್ಲದ, ದನವೂ ಅಪರೂಪವಾದ ನಮ್ಮ ರಸ್ತೆ ಅವರಿಗೆ ದೇವರು ಕೊಟ್ಟ ಮೈದಾನ. ಬೆಳಗಾದರೆ ಸಿಂಗಸಂದ್ರದ ಕಡೆಯಿಂದ ಕಾರುಗಳು ಬಂದು, ಕೆಮ್ಮಿ, ಜಿಗಿದು, ನಿಂತು, ಮತ್ತೆ ಕೆಮ್ಮುತ್ತಿದ್ದವು. ಒಮ್ಮೆ ಒಂದು ಕಾರು ಕಾರ್ಯದರ್ಶಿಗಳ ಮನೆಯ ಮುಂದಿನ ದಾಸವಾಳದ ಗಿಡದ ಮೇಲೆ ಹತ್ತಿ ವಿಶ್ರಮಿಸಿತು. ಅಂದೇ ತುರ್ತು ಸಭೆ. ಅಂದೇ ನಿರ್ಣಯ. ಮರುದಿನವೇ ರೋಡ್ ಹಂಪ್.

ಸಂಘದ ಇತಿಹಾಸದಲ್ಲಿ ಕಾರ್ಯರೂಪಕ್ಕೆ ಬಂದ ಏಕೈಕ ನಿರ್ಣಯ ಅದು. ಯಾರ ಅನುಮತಿಯನ್ನೂ ಕೇಳಲಿಲ್ಲ. ಬೆಂಗಳೂರಿನ ಸುತ್ತಮುತ್ತ ಹಂಪುಗಳು ಹೀಗೇ ಹುಟ್ಟುತ್ತವೆ. ಅವಕ್ಕೆ ತಂದೆ ತಾಯಿ ಯಾರೆಂದು ಯಾರೂ ವಿಚಾರಿಸುವುದಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಯಾದಗಿರಿ ಕಡೆಯ ಗಾರೆ ಮೇಸ್ತ್ರಿಯನ್ನು ಕರೆದು, ಕಾರ್ಯದರ್ಶಿಗಳು ಪ್ಲೈವುಡ್ಡಿನಲ್ಲಿ ತಾವೇ ಕೊಯ್ದ ಒಂದು ಅಚ್ಚನ್ನು ಕೊಟ್ಟು, ಅದರ ಪ್ರಕಾರ ಕಟ್ಟಿಸಿದರು. ಕೆಳಗೆ ಜಲ್ಲಿ ಕಾಂಕ್ರೀಟು, ಮೇಲೆ ರಸ್ತೆಯ ಮಣ್ಣಿನದೇ ಬಣ್ಣ. ಬಿಳಿ ಪಟ್ಟೆ ಬಳಿದರೆ ದೂರದಿಂದಲೇ ಕಂಡು ಎಚ್ಚೆತ್ತುಕೊಳ್ಳುತ್ತಾರೆ, ಆಗ ಬುದ್ಧಿ ಬರುವುದು ಹೇಗೆ ಎಂಬುದು ಅವರ ವಾದ. ಅರಿಶಿನ ಕುಂಕುಮ ಇಟ್ಟು, ಅದರ ನೆತ್ತಿಯ ಮೇಲೆಯೇ ತೆಂಗಿನಕಾಯಿ ಒಡೆದು ಲೋಕಾರ್ಪಣೆ ಮಾಡಿದೆವು. ಮೊದಲ ಬಲಿ ನನ್ನ ಸ್ಕೂಟರಿನ ಸೈಲೆನ್ಸರು.

ಎಲ್ ಬೋರ್ಡುಗಳು ಮಾತ್ರ ಕಡಿಮೆಯಾಗಲಿಲ್ಲ, ಹೆಚ್ಚಾದವು. ಹಾಫ್ ಕ್ಲಚ್ ಕಲಿಸಲು ಇಷ್ಟು ಒಳ್ಳೆಯ ಹಂಪು ಈ ಕಡೆ ಎಲ್ಲೂ ಇಲ್ಲವೆಂದು ಡ್ರೈವಿಂಗ್ ಶಾಲೆಯವರು ತಮ್ಮತಮ್ಮಲ್ಲಿ ಹೇಳಿಕೊಂಡರಂತೆ. ಕಾರ್ಯದರ್ಶಿಗಳು ಇದನ್ನು ಕೇಳಿ ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ.

ಪರಿಸ್ಥಿತಿ ಹೀಗಿರುವಾಗ ವಿಮಾನ ಬಂತು.

ಹೊಸೂರಿನ ಕಡೆ ಹಾರಾಟ ಕಲಿಸುವ ಒಂದು ಶಾಲೆ ಇತ್ತು. ಅಲ್ಲಿನ ಪುಟ್ಟ ವಿಮಾನಗಳು ಬೆಳಗಿನ ಹೊತ್ತು ನಮ್ಮ ತಲೆಯ ಮೇಲೆ ದುಂಬಿಯಂತೆ ಗುಂಯ್ಗುಡುತ್ತಾ ಹೋಗುವುದು ಮಾಮೂಲು. ಆ ಸದ್ದಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅಂದು ಬೆಳಿಗ್ಗೆ ಪೇಪರ್ ಓದುತ್ತಿದ್ದ ನಾನು ತಲೆ ಎತ್ತಿದ್ದು ಸದ್ದು ನಿಂತದ್ದಕ್ಕೆ. ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದ ನನ್ನ ಹೆಂಡತಿ, ಹಾಲಿನ ವ್ಯಾನು ಬಂತೆಂದು ಹೇಳುವ ಧ್ವನಿಯಲ್ಲೇ ಕೂಗಿದಳು: “ರೀ, ನಮ್ ರೋಡಿಗೆ ವಿಮಾನ ಬರ್ತಿದೆ.”

ಬಂತು. ನೀಲಗಿರಿ ತೋಪಿನ ನೆತ್ತಿ ಸವರಿ, ರಸ್ತೆಯ ಆ ತುದಿಯಲ್ಲಿ ಎಷ್ಟು ಮೆತ್ತಗೆ ನೆಲ ಮುಟ್ಟಿತೆಂದರೆ, ಅಧ್ಯಕ್ಷನಾಗಿ ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಧೂಳೆಬ್ಬಿಸುತ್ತಾ, ರಸ್ತೆಯ ನಟ್ಟನಡುವೆ, ಯಾವ ಎಲ್ ಬೋರ್ಡಿಗೂ ಸಾಧ್ಯವಾಗದಷ್ಟು ನೆಟ್ಟಗೆ ಓಡಿ ಬರುತ್ತಿತ್ತು. ಆಮೇಲೆ ನಮ್ಮ ಹಂಪು ಸಿಕ್ಕಿತು. ಮುಂದಿನ ಚಕ್ರ ಲಟಕ್ಕೆಂದು ಮುರಿಯಿತು. ಮೂಗಿನ ಮೇಲೆ ಕೆರೆಯುತ್ತಾ ಇನ್ನಷ್ಟು ದೂರ ಜಾರಿ, ಒಂದು ಖಾಲಿ ಸೈಟಿನ ಮುಂದೆ ಬಾಲ ಮೇಲೆತ್ತಿ, ಕಾಳು ಹೆಕ್ಕುವ ಕೋಳಿಯಂತೆ ನಿಂತಿತು. ಪಂಖದ ರೆಕ್ಕೆ ಬಾಗಿ ಹೋಗಿತ್ತು.

ನಾನು ಓಡಿದೆ. ನಾನು ಓಡಿದ್ದನ್ನು ನನ್ನ ಹೆಂಡತಿ ಮದುವೆಯಾದ ಮೇಲೆ ಮೊದಲ ಸಲ ನೋಡಿದಳಂತೆ. ತಲುಪುವಷ್ಟರಲ್ಲಿ ಬಾಗಿಲು ತೆರೆದು ಒಬ್ಬ ಹುಡುಗಿ ಇಳಿದಿದ್ದಳು. ಕಾಲೇಜಿಗೆ ಹೋಗುವ ವಯಸ್ಸು, ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು. ಬೇರೇನೂ ಆಗಿರಲಿಲ್ಲ. ಒಬ್ಬಳೇ ಹಾರಿಸುತ್ತಿದ್ದಳು. ಮೊದಲು ಕೇಳಿದ್ದು, “ಅಂಕಲ್, ಯಾರ್ಗೂ ಏನೂ ಆಗಿಲ್ಲ ತಾನೆ?” ಇಲ್ಲವೆಂದೆ. ಆಮೇಲೆ ತಿರುಗಿ ವಿಮಾನ ನೋಡಿದಳು. “ಚೆನ್ನಾಗೇ ಇಳಿಸಿದ್ದೆ ಅಂಕಲ್. ಏನೋ ಗುದ್ತು.”

ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಕಾರ್ಯದರ್ಶಿಗಳು ಬಂದರು. ವಿಮಾನವನ್ನೊಮ್ಮೆ, ಹುಡುಗಿಯನ್ನೊಮ್ಮೆ ಅಳೆದರು.

“ನೀನೂ ಕಲೀತಿರೋಳಾ?”

“ಹೂಂ ಸಾರ್. ಸ್ಟೂಡೆಂಟ್ ಪೈಲಟ್.”

ಅವರು ನನ್ನ ಕಡೆ ತಿರುಗಿದರು. “ನೋಡಿದ್ರಾ ಅಧ್ಯಕ್ಷರೇ. ಈಗ ಮೇಲಿಂದಾನೂ ಶುರುವಾಯ್ತು.”

ನನ್ನ ಹೆಂಡತಿ ಹುಡುಗಿಯನ್ನು ವರಾಂಡದಲ್ಲಿ ಕೂರಿಸಿ, ಬುಗುಟಿಗೆ ಐಸ್ ಒತ್ತಿದಳು. ನಮ್ಮ ಫೋನಿನಿಂದಲೇ ಹುಡುಗಿ ತನ್ನ ಶಾಲೆಗೆ ಸುದ್ದಿ ಮುಟ್ಟಿಸಿದಳು. ಅವಳ ಗುರುಗಳು ಹೊಸೂರು ರಸ್ತೆಯ ಟ್ರಾಫಿಕ್ಕನ್ನು ದಾಟಿ ಬರುವ ಹೊತ್ತಿಗೆ ನಮ್ಮ ಬಡಾವಣೆ ತನ್ನ ಇತಿಹಾಸದಲ್ಲೇ ಕಾಣದಷ್ಟು ಜನರನ್ನು ಕಂಡಿತ್ತು. ಗ್ರಾನೈಟ್ ಫ್ಯಾಕ್ಟರಿಯವರು ಬಿಳಿ ಧೂಳು ಮೆತ್ತಿಕೊಂಡೇ ಬಂದಿದ್ದರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಊಟದ ಡಬ್ಬಿ ಸಮೇತ ಬಂದಿದ್ದರು. ಕಡಲೆಕಾಯಿ ಗಾಡಿ ಎಲ್ಲಿಂದ ಬಂತೋ ಗೊತ್ತಿಲ್ಲ. ಯಾರೋ ಒಬ್ಬಾಕೆ ವಿಮಾನಕ್ಕೆ ಕುಂಕುಮ ಹಚ್ಚಿ ಹೋದಳು. ಪೊಲೀಸರು ಬಂದು ಜನರನ್ನು ಹಿಂದಕ್ಕೆ ಸರಿಸಿದಾಗ, ಸರಿದವರಿಗೆ ಕೂರಲು ಅನುಕೂಲವಾದ ಜಾಗ ಒಂದೇ ಇತ್ತು. ನಮ್ಮ ಹಂಪು. ಈ ಅಂಚಿನಿಂದ ಆ ಅಂಚಿನವರೆಗೆ ಸಾಲಾಗಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದರು. ಅಡಿಯಲ್ಲಿ ಹಂಪು ಇದೆಯೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ಗುರುಗಳು ನಡುವಯಸ್ಸು ದಾಟಿದ, ಮಾತು ಕಡಿಮೆಯ ಮನುಷ್ಯ. ಮೊದಲು ಹುಡುಗಿಯ ಎರಡೂ ಕಣ್ಣುಗಳನ್ನು ನೋಡಿದರು, ಆಮೇಲೆ ಚಕ್ರ ನೋಡಿದರು. ಅವಳು ಮತ್ತೆ ಅದನ್ನೇ ಹೇಳಿದಳು, ಏನೋ ಗುದ್ದಿತೆಂದು. ಅವರು ತಲೆ ಅಲ್ಲಾಡಿಸಿ, ನಮ್ಮ ವರಾಂಡಕ್ಕೆ ಬಂದು ಕಾಫಿ ಲೋಟ ಹಿಡಿದು, ನನಗೆ ಮಾತ್ರ ಕೇಳುವಂತೆ ಹೇಳಿದರು: “ಎಲ್ರೂ ಹಂಗೇ ಹೇಳ್ತಾರೆ ಸಾರ್. ಏನೋ ಬಂದು ಗುದ್ತು ಅಂತ. ಬಂದು ಗುದ್ದಿರೋದು ಭೂಮಿ.”

ಇಂಜಿನ್ ನಿಂತದ್ದಕ್ಕೆ ಅವಳನ್ನು ಯಾರೂ ದೂರುವುದಿಲ್ಲ, ಅದು ಬೇರೆ ತನಿಖೆ ಎಂದರು. ಆದರೆ ಹಿಂದೊಮ್ಮೆ ಇಳಿಯುವಾಗ ನೆಲಕ್ಕೆ ಕುಕ್ಕಿ ಇದೇ ಮುಂದಿನ ಚಕ್ರವನ್ನು ಸೊಟ್ಟ ಮಾಡಿದ್ದಳಂತೆ. ಇನ್ನೊಂದು ಸಲ ಹೀಗಾದರೆ ಮನೆಗೆ ಕಳಿಸುತ್ತೇವೆಂದು ಶಾಲೆಯವರು ಆಗಲೇ ಹೇಳಿಟ್ಟಿದ್ದರು. ನಾಡಿದ್ದು ವಿಮಾನಯಾನ ಇಲಾಖೆಯ ಅಧಿಕಾರಿ ಬಂದು ನೋಡುತ್ತಾರೆ. ಇಳಿಸಿದ ರೀತಿಯೇ ತಪ್ಪೆಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು. “ಒಳ್ಳೆ ಕೈ ಇದೆ ಹುಡುಗಿಗೆ,” ಎಂದು ಕಾಫಿ ಮುಗಿಸಿದರು. ನಾನು ಹಂಪಿನ ವಿಷಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪೊಲೀಸರು ಅವರನ್ನು ಕರೆದರು. ಅವಸರವೇನೂ ಇಲ್ಲವೆಂದುಕೊಂಡೆ. ಅಧಿಕಾರಿ ಬರುತ್ತಾರೆ, ಕಣ್ಣಾರೆ ನೋಡುತ್ತಾರೆ. ಹಂಪು ತಾನಾಗಿ ಎದ್ದು ಎಲ್ಲಿಗೂ ಹೋಗುವುದಿಲ್ಲ. ಕಾರ್ಯದರ್ಶಿಗಳನ್ನು ನಾನು ಇನ್ನೂ ಪೂರ್ತಿಯಾಗಿ ಅರಿತಿರಲಿಲ್ಲ.

ವಿಮಾನವನ್ನು ಖಾಲಿ ಸೈಟಿಗೆ ಎಳೆದು, ನೀಲಿ ಟಾರ್ಪಾಲು ಹೊದಿಸಿ, ಅಧಿಕಾರಿ ಬರುವವರೆಗೆ ಯಾವ ಕಾರೂ ಒಳಗೆ ಬರದಂತೆ ತೋಪಿನ ಬಳಿ ಹಗ್ಗ ಕಟ್ಟಿ, ಸ್ಥಳದ ರಕ್ಷಣೆಯನ್ನು ನಮ್ಮ ಸಂಘಕ್ಕೇ ಒಪ್ಪಿಸಿ ಪೊಲೀಸರು ಹೋದರು. ಸಂಘದ ಪರವಾಗಿ ಆ ಹೊಣೆಯನ್ನು ಗಂಭೀರವಾಗಿ ಸ್ವೀಕರಿಸಿದವರು ಕಾರ್ಯದರ್ಶಿಗಳು.

ಮರುದಿನ ಬೆಳಿಗ್ಗೆ ವಾಕಿಂಗ್ ಹೊರಟವನು, ಇರದ ಹಂಪಿಗೆ ಎಡವಿದೆ. ರೂಢಿಯಂತೆ ಕಾಲೆತ್ತಿ ಇಟ್ಟರೆ ಅಲ್ಲಿ ಏನೂ ಇಲ್ಲ. ಅಂಗೈಯಂತೆ ಸಪಾಟು ನೆಲ, ಮೇಲೆ ಹೊಸ ಮಣ್ಣು, ಅದರ ಮೇಲೆ ಪೊರಕೆಯ ಗೆರೆಗಳು. ಯಾದಗಿರಿ ಮೇಸ್ತ್ರಿ ಕೊನೆಯ ಬಾಂಡ್ಲಿ ಹೊತ್ತು ಹೋಗುತ್ತಿದ್ದ. ಇದೇನೆಂದು ಕೇಳಿದೆ.

“ಸಾಹೇಬ್ರು ಕಟ್ಟು ಅಂದ್ರು, ಕಟ್ಟಿದ್ವಿ. ಒಡಿ ಅಂದ್ರು, ಒಡದ್ವಿರಿ,” ಎಂದ. ಅವನ ಮಾತಿನಲ್ಲಿ ಯಾವ ತಕರಾರೂ ಇರಲಿಲ್ಲ.

ಕಾರ್ಯದರ್ಶಿಗಳು ಗೇಟಿನ ಬಳಿ ಪೊರಕೆ ಹಿಡಿದು ನಿಂತಿದ್ದರು. ಹಂಪ್ ಎಲ್ಲಿ ಎಂದೆ.

“ಯಾವ ಹಂಪ್?”

“ನೀವು ಕಾಯಿ ಒಡೆದಿದ್ದ ಹಂಪ್.”

ಪೊರಕೆ ಗೋಡೆಗೆ ಒರಗಿಸಿದರು. “ನೋಡಿ ಅಧ್ಯಕ್ಷರೇ. ಪರ್ಮಿಷನ್ ಇಲ್ದೆ ಕಟ್ಟಿದ್ದು. ನಾಳೆ ಪೇಪರ್‌ನಲ್ಲಿ ಏನ್ ಬರತ್ತೆ? ವಿಮಾನ ಕೆಡವಿದ ಸಂಘ ಅಂತ. ಆಮೇಲೆ ಕಂಬ ಕೊಡ್ತಾರಾ ನಮಗೆ? ಡಾಂಬರ್ ಹಾಕ್ತಾರಾ?”

ನಾನು ಗುರುಗಳು ಹೇಳಿದ್ದನ್ನೆಲ್ಲ ಹೇಳಿದೆ. ಹಂಪು ಇಲ್ಲದಿದ್ದರೆ ತಪ್ಪು ಹುಡುಗಿಯದಾಗುತ್ತದೆ, ಮನೆಗೆ ಕಳಿಸಿಬಿಡುತ್ತಾರೆ ಎಂದೆ. ಅವರಿಗೆ ಇದು ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಂಡಿತು. ಮತ್ತೆ ಪೊರಕೆ ತೆಗೆದುಕೊಂಡು, ಗುಡಿಸಿದ ಜಾಗವನ್ನೇ ಗುಡಿಸತೊಡಗಿದರು. ಅಧಿಕಾರಿಗೆ ನಾನೇ ಹೇಳುತ್ತೇನೆ ಎಂದೆ.

“ಹೇಳಿ. ತೋರಿಸೋದು ಏನನ್ನ?”

ಅದೂ ನಿಜವೇ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಎದುರು ಮನೆಗೆ ಹೋಗಿ, ಅಲ್ಲಿನ ಯಜಮಾನಿತಿಗೆ ಹೇಳಿ ಬಂದಳು. ಆ ಮಧ್ಯಾಹ್ನ ಕಾರ್ಯದರ್ಶಿಗಳ ಮನೆಯಿಂದ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಇಡುವ ಸದ್ದು ಬರುತ್ತಿತ್ತು. ಸಂಜೆ ಅವರು ವರಾಂಡದಲ್ಲಿ ಒಬ್ಬರೇ ಕುಳಿತಿದ್ದರು. ಕಾಫಿ ಬಂದಂತೆ ಕಾಣಲಿಲ್ಲ.

ಅಧಿಕಾರಿ ಹೇಳಿದ ದಿನವೇ ಬಂದರು. ತೆಳ್ಳಗಿನ ಮನುಷ್ಯ, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಟೇಪು. ಜೊತೆಗೆ ಗುರುಗಳು, ಹುಡುಗಿ. ಬುಗುಟು ಇಳಿದಿತ್ತು, ಹುಡುಗಿಯೂ ಇಳಿದು ಹೋಗಿದ್ದಳು. ಟಾರ್ಪಾಲು ಸರಿಸಿ, ಚಕ್ರ ನೋಡಿ, ಚಿತ್ರ ತೆಗೆದು, ಅಧಿಕಾರಿಗಳು ರಸ್ತೆಗೆ ಬಂದರು. ಇಷ್ಟೆಲ್ಲ ಹೊಲವಿರುವಾಗ ಇಲ್ಲೇ ಯಾಕೆ ಇಳಿಸಿದೆ ಎಂದು ಅವಳನ್ನು ಕೇಳಿದರು.

“ಬೇರೆ ರೋಡಲ್ಲೆಲ್ಲ ಕಂಬ, ವೈರು ಇತ್ತು ಸಾರ್. ಇದೊಂದೇ ಕ್ಲಿಯರ್ ಆಗಿತ್ತು,” ಎಂದಳು.

ಕಂಬಕ್ಕಾಗಿ ನಾವು ಹತ್ತಿಳಿದ ಕಚೇರಿಗಳ ಮೆಟ್ಟಿಲೆಲ್ಲ ನನ್ನ ಕಣ್ಣ ಮುಂದೆ ಬಂದವು. ಆ ಒಂದು ಸಲ ಮಾತ್ರ, ನಮ್ಮನ್ನು ಬರಿಗೈಯಲ್ಲಿ ಕಳಿಸಿದ ಪ್ರತಿಯೊಬ್ಬ ಗುಮಾಸ್ತನಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಹಾಗಾದರೆ ಗುದ್ದಿದ್ದೇನು, ತೋರಿಸು ಎಂದರು ಅಧಿಕಾರಿ. ಅವಳು ನೆಲ ನೋಡುತ್ತಾ ನಡೆದಳು. ಅಷ್ಟು ದೂರ ಹೋದಳು, ವಾಪಸು ಬಂದಳು. ಹಂಪು ಇದ್ದ ಜಾಗದ ಮೇಲೆಯೇ ನಿಂತಳು, ಚಪ್ಪಲಿಯಿಂದ ಮಣ್ಣನ್ನು ಸವರಿದಳು. ಏನೂ ಇಲ್ಲ. ಅವಳ ಮುಖ ನೋಡುತ್ತಿದ್ದವನಿಗೆ, ತನಗೆ ಆದದ್ದನ್ನೇ ಅವಳು ನಂಬದೆ ಹೋಗುತ್ತಿರುವುದು ತಿಳಿಯುತ್ತಿತ್ತು.

“ನಾನೇ ಜೋರಾಗಿ ಇಳಿಸಿರ್ಬೇಕು ಸಾರ್,” ಎಂದಳು. “ಇಲ್ಲೇನೂ ಇಲ್ಲ.”

ನಾನು ಮುಂದೆ ಹೋಗಿ, ಇಲ್ಲೊಂದು ಹಂಪು ಇತ್ತು, ಮೊನ್ನೆಯವರೆಗೂ ಇತ್ತು ಎಂದೆ. ಅಧಿಕಾರಿ ನನ್ನನ್ನು ಕರುಣೆಯಿಂದ ನೋಡಿದರು. ವಯಸ್ಸಾದವರಿಗೆ ಹುಡುಗರ ಮೇಲೆ ಮಮಕಾರ ಸಹಜ, ಆದರೆ ಇದು ತನಿಖೆ ಎಂದರು.

“ಅವರು ಹೇಳ್ತಿರೋದು ಸರಿ.”

ಗೇಟಿನಿಂದ ಕಾರ್ಯದರ್ಶಿಗಳು ಬರುತ್ತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು, ಕಾರ್ಖಾನೆ ಬಿಟ್ಟ ಮೇಲೆ ನಾನು ಕಾಣದಿದ್ದ ಬೂಟು. ಹುಡುಗಿಯ ಮುಂದೆ ನಿಂತರು. “ನೀನು ತಪ್ಪು ಹೇಳ್ತಿದ್ದೀಯಮ್ಮ. ನಿನ್ ಲ್ಯಾಂಡಿಂಗ್ ನಾನು ತಾರಸಿಯಿಂದ ನೋಡಿದ್ದೀನಿ. ಪಾಸ್.” ಆಮೇಲೆ ಅಧಿಕಾರಿಯ ಕಡೆ ತಿರುಗಿದರು. “ಹಂಪ್ ಇತ್ತು ಸಾರ್. ಕಟ್ಟಿಸಿದ್ದು ನಾನು. ಅಪಘಾತ ಆದ್ಮೇಲೆ ಒಡೆಸಿದ್ದೂ ನಾನೇ.”

ಇಂಥ ಹೇಳಿಕೆಯ ನಂತರ ಬಂಧನವೇ ಆಗುತ್ತದೆಂದು ಅವರು ನಂಬಿದ್ದರೆಂದು ತೋರುತ್ತದೆ. ಕೈಗಳೂ ಸ್ವಲ್ಪ ಮುಂದಿದ್ದವು. ಆದದ್ದು ಅದಕ್ಕಿಂತ ಅವಮಾನಕರ. ಅಧಿಕಾರಿ ಅವರನ್ನೂ ನಂಬಲಿಲ್ಲ. ಇಬ್ಬರೂ ಒಳ್ಳೆಯ ಮನಸ್ಸಿನವರೆಂದು ಹೊಗಳಿ, ಒಡೆದ ಕಲ್ಲುಮಣ್ಣು ಎಲ್ಲಿ ಎಂದು ಕೇಳಿದರು. ಮೇಸ್ತ್ರಿಯನ್ನು ಕರೆಸಿದೆವು. ಅವನು ಪಕ್ಕದ ಸೈಟಿನತ್ತ ಕೈ ತೋರಿಸಿದ. “ಪಾಯಕ್ಕ ಹಾಕೀವ್ರಿ. ಮ್ಯಾಲ ಕಾಂಕ್ರೀಟ್ ಬಿದ್ದೈತಿ.” ಕಾರ್ಯದರ್ಶಿಗಳು ಹಂಪಿನ ಎತ್ತರ, ಅಗಲ, ಇಳಿಜಾರು ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದರು. ಅಷ್ಟು ಎತ್ತರದ ಹಂಪನ್ನು ಯಾರೂ ಕಟ್ಟುವುದಿಲ್ಲ ಎಂದರು ಅಧಿಕಾರಿ. ಜೀವನದಲ್ಲಿ ಮೊದಲ ಬಾರಿಗೆ ಕಾರ್ಯದರ್ಶಿಗಳು ತಾವೇ ರಿಜೆಕ್ಟ್ ಆಗಿ ನಿಂತಿದ್ದರು.

ಅಧಿಕಾರಿ ಟೇಪು ಸುತ್ತುತ್ತಿದ್ದರು. ಹುಡುಗಿ ಬೇರೆಲ್ಲೋ ನೋಡುತ್ತಿದ್ದಳು. ಆಗ ತೋಪಿನ ಕಡೆಯಿಂದ ಕೆಮ್ಮುತ್ತಾ ಒಂದು ಎಲ್ ಬೋರ್ಡ್ ಕಾರು ಬಂತು. ಸ್ಟೀರಿಂಗ್ ಹಿಡಿದವರು ಬೆವರುತ್ತಿದ್ದ ಒಬ್ಬ ನಡುವಯಸ್ಸಿನ ಗೃಹಸ್ಥರು. ಪಕ್ಕದಲ್ಲಿ ಡ್ರೈವಿಂಗ್ ಶಾಲೆಯವನು. ನಾವು ನಿಂತಿದ್ದ ಜಾಗಕ್ಕೆ ಬರುವಷ್ಟರಲ್ಲಿ ಕಾರು ಭಕ್ತಿಯಿಂದೆಂಬಂತೆ ನಿಧಾನವಾಯಿತು, ಕ್ಲಚ್ ಒತ್ತಿತು, ಏರಲು ಸಿದ್ಧವಾಗಿ ಉಸಿರು ಬಿಗಿಹಿಡಿಯಿತು. ಏರಲು ಏನೂ ಇರಲಿಲ್ಲ. ಗಕ್ಕನೆ ನಿಂತು ಆಫ್ ಆಯಿತು. ಡ್ರೈವಿಂಗ್ ಶಾಲೆಯವನು ಕಿಟಕಿಯಿಂದ ಪೂರ್ತಿ ತಲೆ ಹೊರಗೆ ಹಾಕಿದ.

“ಸಾರ್, ಹಂಪ್ ಎಲ್ ಹೋಯ್ತು?”

ಅಧಿಕಾರಿ ಟೇಪು ಸುತ್ತುವುದನ್ನು ನಿಲ್ಲಿಸಿದರು. ಯಾವ ಹಂಪು ಎಂದು ಕೇಳಿದರು.

“ಇಲ್ಲೇ ಇತ್ತಲ್ಲ ಸಾರ್. ಇಡೀ ಜಿಗಣಿಗೇ ಅಂಥದ್ದು ಇರ್ಲಿಲ್ಲ. ಯಾವ್ ಪುಣ್ಯಾತ್ಮ ಕಟ್ಸಿದ್ನೋ. ಬೇಕಾದ್ರೆ ನಮ್ ಗಾಡಿ ಹೊಟ್ಟೆ ನೋಡಿ.”

ಪುಣ್ಯಾತ್ಮರು ಆಕಾಶ ನೋಡುತ್ತಿದ್ದರು. ಅಧಿಕಾರಿ ರಸ್ತೆಯ ಮೇಲೆ ಪೇಪರ್ ಹಾಸಿ, ಟೋಪಿ ತೆಗೆದು, ಕಾರಿನ ಕೆಳಗೆ ಇಣುಕಿದರು. ಹೊಟ್ಟೆಯ ಉದ್ದಕ್ಕೂ ಹೊಳೆಯುವ ಹಸಿ ಗೀರುಗಳು. ನೆಲದಿಂದ ಗೀರಿಗೆ ಟೇಪು ಹಿಡಿದರು. ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡು, ಕಾರ್ಯದರ್ಶಿಗಳ ಕಡೆ ನೋಡಿ, ಅವರು ಹೇಳಿದ ಎತ್ತರವನ್ನು ಮತ್ತೊಮ್ಮೆ ಹೇಳಲು ಕೇಳಿದರು. ಹೇಳಿದರು. ಲೆಕ್ಕ ಕೂಡಿತೆಂಬಂತೆ ಅಧಿಕಾರಿ ತಲೆಯಾಡಿಸಿದರು.

ಆಮೇಲಿನದು ಬೇಗ ಮುಗಿಯಿತು. ಹಂಪಿನ ಹಿಂದಿನ ದಾರಿಯಲ್ಲಿ, ಜನರ ಕಾಲು ಬೀಳದ ಆ ತುದಿಯಲ್ಲಿ, ಚಕ್ರಗಳ ಗುರುತು ಇನ್ನೂ ಇತ್ತು. ಮೂರೂ ಚಕ್ರಗಳ ಸಮನಾದ, ಜಿಗಿತವಿಲ್ಲದ ಗೆರೆ. ಅದನ್ನು ಗುರುಗಳೇ ಮಂಡಿಯೂರಿ ನೋಡಿ, ಎದ್ದು ಬಂದರು. ಅಧಿಕಾರಿ ಹೇಳಿದರು, ಇಳಿಸಿದ್ದರಲ್ಲಿ ದೋಷವಿಲ್ಲ, ಮುರಿದದ್ದು ಹಂಪಿನಿಂದ, ಹಾಗೆಯೇ ಬರೆಯುತ್ತೇನೆ ಎಂದು. ಕಾರ್ಯದರ್ಶಿಗಳು ಮುಂದೆ ಬಂದು, ತಮ್ಮ ಮೇಲೆ ಯಾವ ಕ್ರಮ ಎಂದು ವಿಧೇಯವಾಗಿ ವಿಚಾರಿಸಿದರು. ಹಾರುವ ವಸ್ತುಗಳು ಮಾತ್ರ ತಮ್ಮ ಇಲಾಖೆಗೆ ಬರುತ್ತವೆ, ಹಂಪು ಬರುವುದಿಲ್ಲ ಎಂದು ಹೇಳಿ ಅವರು ಜೀಪು ಹತ್ತಿದರು. ಕಾರ್ಯದರ್ಶಿಗಳಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಹೇಳಲಾರೆ.

ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು. ಗುರುಗಳು ಅವಳ ಹತ್ತಿರ ಹೋದರು. ಏನೋ ಗುದ್ದಿತೆಂದು ಅವಳು ಎಷ್ಟು ಸಲ ಹೇಳಿದ್ದಳೋ ಅಷ್ಟು ಸಲವೂ ನಂಬದೆ ತಲೆ ಅಲ್ಲಾಡಿಸಿದವರು ಅವರು.

“ಸೋಮವಾರ ಬೆಳಿಗ್ಗೆ ಬಂದ್ಬಿಡು,” ಎಂದರು. “ಲೇಟ್ ಮಾಡ್ಬೇಡ. ಗಾಳಿ ಏಳೋಕ್ ಮುಂಚೆ ಹಾರ್ಬೇಕು.”

“ನೀವೂ ಬರ್ತೀರಾ ಸಾರ್?”

“ನಾನ್ಯಾಕೆ? ಒಬ್ಳೇ ಹೋಗು.”

ನನ್ನ ಹೆಂಡತಿ ವರಾಂಡದಿಂದ, ಬಿಸಿಬೇಳೆಬಾತು ಆರಿಹೋಗುತ್ತಿದೆ, ಎಲ್ಲರೂ ಒಳಗೆ ಬನ್ನಿ ಎಂದು ಕರೆದಳು. ಗುರುಗಳು ಬಂದರು, ಕಾರ್ಯದರ್ಶಿಗಳು ಬೂಟು ಬಿಚ್ಚಿ ಬಂದರು, ಬೆವರಿದ ಗೃಹಸ್ಥರೂ ಬಂದರು. ಹುಡುಗಿ ಕೊನೆಗೆ ಬಂದಳು. ಬಂದವಳು ತಟ್ಟೆ ಹಿಡಿದು ಕುಳಿತು, ಯಾರ ಮುಖವನ್ನೂ ನೋಡದೆ, ಎರಡು ಸಲ ಹಾಕಿಸಿಕೊಂಡು ತಿಂದಳು.